ಧೂಸರನಾಯಕ ಲಕ್ಷಣ: ಟೊರ್ರಿ ಪೈನ್ಸ್ ಪಾಠ

ಕ್ಯಾಲಿಫೋರ್ನಿಯಾದ ಟೊರ್ರಿ ಪೈನ್ಸ್ ಎಂಬ ಈ ಕಡಲಂಚಿನ ದಿಬ್ಬಕ್ಕೆ ಹೆಸರು ಬಂದದ್ದೇ ವರ್ಗೀಕರಣದ ಚಟದಿಂದ. 1850ರಲ್ಲಿ ಮೆಕ್ಸಿಕೊ ಗಡಿಯ ಸರ್ವೆ ತಂಡದ ಜೊತೆ ಬಂದಿದ್ದ ಚಾರ್ಲ್ಸ್ ಪ್ಯಾರಿ ಎಂಬ ಸಸ್ಯಶಾಸ್ತ್ರಜ್ಞ, ಐದೈದು ಸೂಜಿಯೆಲೆಗಳು ಒಂದೇ ಬುಡದಿಂದ ಹೊರಡುವ ಪೈನ್ ಮರವೊಂದನ್ನು ಇಲ್ಲಿ ಗುರುತಿಸಿ, ಅದಕ್ಕೆ ತನ್ನ ಗುರು ಜಾನ್ ಟೊರ್ರಿಯ ಹೆಸರಿಟ್ಟ. ಲೋಕದಲ್ಲಿ ಈ ಮರ ತಾನಾಗಿ ಬೆಳೆಯುವುದು ಎರಡೇ ಕಡೆ: ಸ್ಯಾನ್ ಡಿಯೇಗೊದ ಈ ಕರಾವಳಿಯಲ್ಲಿ, ಮತ್ತು ಬಡಗಣ ಸಮುದ್ರದೊಳಗಿನ ಸಾಂತಾ ರೋಸಾ ದ್ವೀಪದಲ್ಲಿ. ಅಷ್ಟಕ್ಕೂ ಸಮಾಧಾನವಾಗದೆ 1986ರಲ್ಲಿ ಇಲ್ಲಿನದೊಂದು ಉಪಜಾತಿ, ದ್ವೀಪದ್ದು ಇನ್ನೊಂದು ಉಪಜಾತಿ ಎಂದು ಪಾಲು ಮಾಡಿದರು. ಈಗ ದಿಬ್ಬದ ತುಂಬ ಸಾಲ್ಕ್ ಇನ್‌ಸ್ಟಿಟ್ಯೂಟ್, ಸ್ಕ್ರಿಪ್ಸ್ ರಿಸರ್ಚ್, ವಿಶ್ವವಿದ್ಯಾಲಯದ ಪ್ರಯೋಗಾಲಯಗಳು, ಬಯೋಟೆಕ್ ಕಂಪನಿಗಳು. ಜೀವಕೋಶವಾಗಲಿ ಪ್ರೋಟೀನಾಗಲಿ ಕಡಲ ಪಾಚಿಯಾಗಲಿ, ಹೆಸರು ಗೋತ್ರ ಹಚ್ಚದೆ ಇಲ್ಲಿನವರು ಯಾವುದನ್ನೂ ಬಿಡುವವರಲ್ಲ. ಆದರೆ ಇದೇ ಪ್ರಯೋಗಾಲಯಗಳಲ್ಲಿ ಹಗಲೆಲ್ಲ ವಿಂಗಡಣೆಯ ಕೆಲಸ ಮಾಡುವ ನನ್ನಂಥ ಹೆಂಗಸರ ಕಿಂಡಲ್ಲುಗಳಲ್ಲಿ ಮನೆಮಾಡಿಕೊಂಡಿರುವ ಒಂದು ಜೀವಜಾತಿ ಮಾತ್ರ ಹೆಸರಿಲ್ಲದೆ ಉಳಿದಿದೆ. ಆ ಕೊರತೆಯನ್ನು ನೀಗುವುದು ಈ ಗ್ರಂಥದ ಪ್ರಯೋಜನ.

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಶಾಸ್ತ್ರ ಆರಂಭಿಸಬಾರದು. ಪ್ರಯೋಜನ ಹೇಳಿಯಾಯಿತು. ವಿಷಯ, ಡಾರ್ಕ್ ರೊಮ್ಯಾನ್ಸ್ ಎಂಬ ಕಾದಂಬರಿ ಪ್ರಕಾರದ ನಾಯಕ. ಕೊಲೆ, ಅಪಹರಣ, ಬೆದರಿಕೆ, ಕದ್ದು ನೋಡುವುದು ಇವುಗಳಲ್ಲಿ ಒಂದನ್ನಾದರೂ ಕಸುಬು ಮಾಡಿಕೊಂಡಿದ್ದು, ಆದರೂ ಓದುಗಿಯ ಬಾಯಲ್ಲಿ ‘ಇವನೇ ಬೇಕು’ ಅನ್ನಿಸಿಕೊಳ್ಳುವವನು. ಸಂಬಂಧ, ಈ ಪ್ರಕಾರದಲ್ಲಿ ಅದನ್ನು ಕೇಳದಿರುವುದೇ ಮೇಲು. ಅಧಿಕಾರಿ ಯಾರೆಂದರೆ ಹದಿನೆಂಟು ದಾಟಿದವಳು, ದಿನವಿಡೀ ಸಭ್ಯರ ನಡುವೆ ಸಭ್ಯಳಾಗಿ ದುಡಿದು ದಣಿದವಳು, ಮಲಗುವ ಮುಂಚಿನ ಒಂದು ಗಂಟೆ ಯಾರ ಕೈಗೂ ಸಿಗಲೊಲ್ಲದವಳು.

ಇಂಥ ಅಧಿಕಾರಿಗಳಿಗೆಂದೇ ಈ ಸೀಮೆಯಲ್ಲಿ ಕ್ಷೇತ್ರಗಳಿವೆ. ಲಾಸ್ ಏಂಜಲಿಸ್ ಮಗ್ಗುಲಿನ ಕಲ್ವರ್ ಸಿಟಿಯಲ್ಲಿ ಅಕ್ಕತಂಗಿಯರಿಬ್ಬರು ಜನರಿಂದ ಚಂದಾ ಎತ್ತಿ 2016ರಲ್ಲಿ ‘ದಿ ರಿಪ್ಡ್ ಬಾಡಿಸ್’ ಎಂಬ, ಪ್ರೇಮಕಾದಂಬರಿ ಬಿಟ್ಟು ಬೇರೇನೂ ಮಾರದ ಅಂಗಡಿ ತೆರೆದರು. 2022ರಲ್ಲಿ ಸ್ಯಾನ್ ಡಿಯೇಗೊದ ಪಕ್ಕದ ಲಾ ಮೆಸಾದಲ್ಲಿ ‘ಮೀಟ್ ಕ್ಯೂಟ್’ ಎಂಬ ಇನ್ನೊಂದು ಬಂತು. ಈ ಪ್ರಕಾರದ ಪುಸ್ತಕಗಳಲ್ಲಿ ಕತೆ ಶುರುವಾಗುವ ಮೊದಲೇ ಲೇಖಕಿ ಎಚ್ಚರಿಕೆಯ ಪಟ್ಟಿ ಕೊಟ್ಟಿರುತ್ತಾಳೆ: ಇದರಲ್ಲಿ ಅಪಹರಣವಿದೆ, ಚಾಕುವಿದೆ, ರಕ್ತವಿದೆ, ಹೆಣ್ಣಿನ ಬೆನ್ನು ಬೀಳುವುದಿದೆ. ಅಳ್ಳೆದೆಯವರು ಹಿಂದಕ್ಕೆ ಹೋಗಲಿ ಎಂದು ಬರೆದ ಈ ಪಟ್ಟಿಯನ್ನು ಓದುಗಿಯರು ದರ್ಶಿನಿಯ ಗೋಡೆಯ ತಿಂಡಿ ಬೋರ್ಡಿನಂತೆ ಮೇಲಿಂದ ಕೆಳಗೆ ಓದಿ, ಬೇಕಾದದ್ದು ಇದೆಯೋ ಇಲ್ಲವೋ ನೋಡಿಕೊಂಡು ದುಡ್ಡು ಕೊಡುತ್ತಾರೆ.

ಈಗ ಲಕ್ಷಣ. ನಮ್ಮ ಆಲಂಕಾರಿಕರು ನಾಯಕರನ್ನು ಸ್ವಭಾವ ನೋಡಿ ನಾಲ್ಕು ಮಾಡಿದರು: ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ. ಪ್ರೇಮದಲ್ಲಿ ನಡೆದುಕೊಳ್ಳುವ ಬಗೆ ನೋಡಿ ಮತ್ತೆ ನಾಲ್ಕು: ಒಬ್ಬಳನ್ನೇ ನೆಚ್ಚಿದ ಅನುಕೂಲ, ಹಲವರನ್ನು ಸಮನಾಗಿ ತೂಗಿಸಿಕೊಂಡು ಹೋಗುವ ದಕ್ಷಿಣ, ಒಳಗೊಳಗೆ ಮೋಸ ಮಾಡುವ ಶಠ, ಸಿಕ್ಕಿಬಿದ್ದರೂ ನಾಚದ ಧೃಷ್ಟ. ಹತ್ತನೆಯ ಶತಮಾನದ ಧನಂಜಯನ ದಶರೂಪಕದಲ್ಲಿ ಇವೆಲ್ಲ ಇವೆ. ವಿಶ್ವನಾಥನ ಸಾಹಿತ್ಯದರ್ಪಣ ನಾಲ್ಕನ್ನು ನಾಲ್ಕರಿಂದ ಗುಣಿಸಿ 16, ಅದನ್ನು ಉತ್ತಮ ಮಧ್ಯಮ ಅಧಮಗಳಿಂದ ಗುಣಿಸಿ 48 ಎಂದು ಲೆಕ್ಕ ಮುಗಿಸುತ್ತದೆ. ಈ ಕೋಷ್ಟಕದಲ್ಲಿ ಧೀರೋದ್ಧತನೂ ಅನುಕೂಲನೂ ಒಬ್ಬನೇ ಆಗಬೇಕಾದ ಒಂದು ಮನೆಯಿದೆ. ಸೊಕ್ಕು, ಹೊಟ್ಟೆಕಿಚ್ಚು, ಮಾಯೆ, ಕಪಟ, ಸಿಟ್ಟು, ಬಡಾಯಿ, ಎಲ್ಲ ಉಂಟು; ಆದರೆ ಒಬ್ಬಳ ಹೊರತು ಇನ್ನೊಬ್ಬಳತ್ತ ತಿರುಗಿ ನೋಡುವುದಿಲ್ಲ. ಗುಣಾಕಾರದ ಒತ್ತಾಯಕ್ಕೆ ಹುಟ್ಟಿದ ಮನೆ ಅದು. ಕಟ್ಟಿಟ್ಟವರಿಗೆ ಒಕ್ಕಲು ಸಿಗಲಿಲ್ಲ. ಸುಮಾರು ಸಾವಿರ ವರ್ಷ ಬೀಗ ಹಾಕಿದ್ದ ಆ ಮನೆಯಲ್ಲಿ ಈಗ ಅಮೆರಿಕದ ಲೇಖಕಿಯರು ಸಂಸಾರ ಹೂಡಿದ್ದಾರೆ.

ಆದ್ದರಿಂದ ಸೂತ್ರ ಇಷ್ಟು: ಲೋಕಕ್ಕೆ ಉದ್ಧತ, ಒಬ್ಬಳಿಗೆ ಅನುಕೂಲ, ಅವನೇ ಧೂಸರ. ಇವನನ್ನು ಬೂದುಬಣ್ಣದವನು ಎನ್ನುವುದು ರೂಢಿಯಷ್ಟೇ. ಇವನಲ್ಲಿ ಕಪ್ಪೂ ಬಿಳಿಯೂ ಕಲಸಿ ಬೂದಿಯಾಗಿಲ್ಲ. ಜಮೀನಿನ ಹಾಗೆ ಪಾಲಾಗಿವೆ. ಊರಿಗೆಲ್ಲ ಕಪ್ಪು ಪಾಲು, ಅವಳೊಬ್ಬಳಿಗೆ ಬಿಳಿ ಪಾಲು, ನಡುವೆ ಗಟ್ಟಿ ಬೇಲಿ. ಬೇಲಿ ಮುರಿದರೆ ನಾಯಕತ್ವ ಹೋಯಿತು.

ಇಲ್ಲಿ ಪೂರ್ವಪಕ್ಷ. ಆರು ತಿಂಗಳ ವೀಸಾದ ಮೇಲೆ ಮೈಸೂರಿನಿಂದ ಬಂದಿರುವ ನಮ್ಮ ಅತ್ತೆ ಈ ಗ್ರಂಥದ ಪೂರ್ವಪಕ್ಷಿ. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಡಮಾನ, ಜಾಮೀನು, ಪುರಾವೆ ಇಲ್ಲದ ಯಾವ ಮಾತನ್ನೂ ನಂಬುವವರಲ್ಲ. ಒಂದು ಮಧ್ಯಾಹ್ನ ನನ್ನ ಕಿಂಡಲ್ ಕೈಗೆತ್ತಿಕೊಂಡವರು ಸಂಜೆಗೆ ಆಕ್ಷೇಪ ಎತ್ತಿದರು. “ಅಲ್ಲ ಕಣೇ, ಇಂಥವನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡೋದು ಬಿಟ್ಟು ಇವಳು ಕಿಟಕಿ ತೆಗೆದಿಟ್ಟು ಮಲಗ್ತಾಳಲ್ಲ, ಬುದ್ಧಿ ಇದೆಯೇನೇ ಅವಳಿಗೆ? ಊರಲ್ಲಿ ಒಳ್ಳೆಯವರೇ ಇಲ್ಲವೆ?”

ಸಿದ್ಧಾಂತ: ಇದ್ದಾರೆ ಅತ್ತೆ, ತೊಂದರೆ ಇರುವುದೇ ಅಲ್ಲಿ. ಒಳ್ಳೆಯವನು ಎಲ್ಲರಿಗೂ ಒಳ್ಳೆಯವನು. ನೆರೆಮನೆಯ ಅಜ್ಜಿಗೆ ಮೆಟ್ಟಿಲು ಹತ್ತಿಸುತ್ತಾನೆ, ಆಫೀಸಿನ ಹುಡುಗಿಗೆ ಛತ್ರಿ ಹಿಡಿಯುತ್ತಾನೆ, ಬೀದಿನಾಯಿಗೂ ಬಿಸ್ಕತ್ತು ಹಾಕುತ್ತಾನೆ. ಅಂಥವನು ನನಗೂ ಛತ್ರಿ ಹಿಡಿದರೆ ಅದು ಪ್ರೀತಿಯೋ ಸದಭ್ಯಾಸವೋ ಹೇಗೆ ತಿಳಿಯಬೇಕು? ಪುರಾವೆ ಇಲ್ಲ. ಯಾರಿಗೂ ಬಗ್ಗದವನು, ಯಾರನ್ನೂ ಉಳಿಸದವನು, ನನ್ನೊಬ್ಬಳ ಛತ್ರಿ ಹಿಡಿದು ನಿಂತರೆ ಅದಕ್ಕಿಂತ ದೊಡ್ಡ ಜಾಮೀನು ಬೇಕೆ? ಕಾದಂಬರಿಯ ಉದ್ದಕ್ಕೂ ಅವನು ಮಾಡುವ ದುಷ್ಟತನವೆಲ್ಲ ಅವಳ ಪಾಲಿಗೆ ಸಾಕ್ಷ್ಯ. ಅವನು ಲೋಕದ ಮೇಲೆ ಎಷ್ಟು ಕ್ರೂರಿಯೋ ಅವಳ ಮೇಲಿನ ಒಲವು ಅಷ್ಟು ಖಚಿತ. ದುಷ್ಟತನದಲ್ಲಿ ರುಚಿಯಿಲ್ಲ, ಖಾತ್ರಿಯಿದೆ.

ಇದಕ್ಕೆ ಎದುರು ಉದಾಹರಣೆ ನಮ್ಮ ಮನೆಮನೆಯಲ್ಲಿ ಓದಿದ್ದು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತಾ ಪರಿತ್ಯಾಗ ಓದಿ ಕಣ್ಣೊರೆಸಿಕೊಳ್ಳದ ಅಜ್ಜಿಯರು ಹಳೇ ಮೈಸೂರಿನಲ್ಲಿ ಕಡಿಮೆ. ಧೀರೋದಾತ್ತರಲ್ಲಿ ಶ್ರೇಷ್ಠನಾದ ರಾಮ, ಏಕಪತ್ನೀವ್ರತಸ್ಥ, ಎಲ್ಲರ ಮಾತಿಗೂ ಕಿವಿಗೊಡುವ ರಾಜ. ಆದ್ದರಿಂದಲೇ ಅಗಸನ ಮಾತಿಗೂ ಕಿವಿಗೊಟ್ಟ. ಧೂಸರನಾಯಕ ಅಗಸನ ಮಾತು ಕೇಳುವವನಲ್ಲ. ಅಗಸನಿಗೇ ಏನಾಯಿತು ಎಂದು ಊರು ಕೇಳುವ ಹಾಗೆ ಮಾಡುತ್ತಾನೆ. ನ್ಯಾಯ ಯಾವುದು ಎಂದರೆ ಓದುಗಿಗೆ ಗೊತ್ತಿಲ್ಲದ್ದೇನಲ್ಲ. ಮಲಗುವ ಮುಂಚಿನ ಆ ಒಂದು ಗಂಟೆ ಅವಳು ನ್ಯಾಯಾಧೀಶೆಯಾಗಿರಲು ಒಪ್ಪುವುದಿಲ್ಲ, ಅಷ್ಟೆ.

ಇನ್ನು ಪ್ರಭೇದಗಳು.

ಹಿಂಬಾಲಕ

ಈ ವರ್ಗದ ಮೂಲಮಾದರಿ ಎಚ್. ಡಿ. ಕಾರ್ಲ್‌ಟನ್ 2021ರಲ್ಲಿ ತಾನೇ ಪ್ರಕಟಿಸಿದ ‘ಹಾಂಟಿಂಗ್ ಅಡೆಲೈನ್’ ಕಾದಂಬರಿಯ ಜೇಡ್. ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವವರನ್ನು ಬೇಟೆಯಾಡುವ ಹ್ಯಾಕರ್ ಅವನು. ಅದೇ ಕೈಚಳಕದಿಂದ ನಾಯಕಿಯ ಬೆನ್ನು ಬೀಳುತ್ತಾನೆ, ಮನೆಯೊಳಗೆ ನುಗ್ಗುತ್ತಾನೆ, ಗುಲಾಬಿ ಇಟ್ಟು ಹೋಗುತ್ತಾನೆ. ಎಷ್ಟು ಹೊತ್ತಿಗೆ ಎದ್ದಳು, ಏನು ಕುಡಿದಳು, ಯಾವ ಪುಟಕ್ಕೆ ನಿದ್ದೆ ಬಂತು ಎಂಬ ಲೆಕ್ಕವೆಲ್ಲ ಇಂಥವನ ಹತ್ತಿರ ಇರುತ್ತದೆ.

ಅತ್ತೆ ಇದನ್ನು ಮೂರನೆಯ ಒಂದು ಭಾಗ ಓದಿ ಕನ್ನಡಕ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡರು. “ನಾನು ಕಾಫಿಗೆ ಸಕ್ಕರೆ ಹಾಕ್ಕೊಳಲ್ಲ ಅಂತ ನಿಮ್ಮ ಮಾವನವರಿಗೆ ಇವತ್ತಿಗೂ ಗೊತ್ತಿಲ್ಲ ಕಣೇ. ಮದುವೆಯಾಗಿ ನಲವತ್ತು ವರ್ಷ ಆಯ್ತು. ಇವನಿಗೆ ಮೂರೇ ದಿನಕ್ಕೆ ಗೊತ್ತಾಗಿದೆ.”

ಶಾಸ್ತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕಿಲ್ಲ. ಜಾನಿಸ್ ರಾಡ್‌ವೇ ಎಂಬ ವಿದ್ವಾಂಸೆ ಅಮೆರಿಕದ ಒಂದು ಊರಿನ ಪ್ರೇಮಕಾದಂಬರಿ ಓದುಗಿಯರನ್ನು ಕೂರಿಸಿಕೊಂಡು ಮಾತಾಡಿ 1984ರಲ್ಲಿ ಪುಸ್ತಕ ಬರೆದಳು. ಎಲ್ಲರಿಗೂ ಉಣ್ಣಿಸಿ ಉಡಿಸಿ ತಮ್ಮನ್ನು ಕೇಳುವವರಿಲ್ಲದ ಗೃಹಿಣಿಯರು, ತಮ್ಮ ಯೋಗಕ್ಷೇಮವನ್ನು ಯಾರೋ ಕಣ್ಣಿಟ್ಟು ನೋಡುವ ಸುಖವನ್ನು ಪುಸ್ತಕದಲ್ಲಿ ಹುಡುಕುತ್ತಾರೆ ಎಂಬುದು ಅವಳು ಕಂಡುಕೊಂಡದ್ದರಲ್ಲಿ ಒಂದು. ಹಿಂಬಾಲಕ ಅದೇ ಸುಖದ ಅತಿರೇಕ. ಹೆಂಗಸು ಬಾಯಿ ಬಿಟ್ಟು ಹೇಳಬೇಕಾದದ್ದು ಏನೂ ಉಳಿದಿಲ್ಲ; ಅವನು ಮೊದಲೇ ನೋಡಿಬಿಟ್ಟಿದ್ದಾನೆ.

ಇನ್ನೊಂದು ಉಪಾಯವೂ ಇದರಲ್ಲಿ ಅಡಗಿದೆ. ಈ ಕಾದಂಬರಿಗಳಲ್ಲಿ ಅವಳದೊಂದು ಅಧ್ಯಾಯವಾದರೆ ಅವನದೊಂದು, ಇಬ್ಬರೂ ‘ನಾನು’ ಎಂದೇ ಹೇಳಿಕೊಳ್ಳುತ್ತಾರೆ. ಅವನ ತಲೆಯೊಳಗೆ ನಡೆಯುವುದೆಲ್ಲ ಓದುಗಿಯ ಮುಂದೆ ಹರವಿ ಬಿದ್ದಿರುತ್ತದೆ. ನಿಜಜೀವನದಲ್ಲಿ ಬೆನ್ನಿಗೆ ಬಿದ್ದವನ ಭಯ ಯಾವುದರಿಂದ? ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದ್ದರಿಂದ. ಆ ಒಂದು ಭಯವನ್ನು ತೆಗೆದು, ಉಳಿದ ಭಯವನ್ನೆಲ್ಲ ಹಾಗೇ ಇಟ್ಟರೆ ಸಿಗುವ ಸರಕು ಇದು. ಏನು ಕೇಳಿದರೂ ‘ಹ್ಞೂಂ’ ಎಂದು ಪೇಪರಿನ ಹಿಂದಿನಿಂದ ಉತ್ತರಿಸುವ ಗಂಡಸಿನ ಜೊತೆ ಸಂಸಾರ ಮಾಡಿದವರಿಗೆ, ಗಂಡಸಿನ ತಲೆಯೊಳಗೆ ಇಷ್ಟೊಂದು ಮಾತಿದೆ, ಅದೂ ತನ್ನ ಬಗ್ಗೆಯೇ ಇದೆ ಎಂಬುದು ಚಾಕು ರಕ್ತಗಳಿಗಿಂತ ರೋಮಾಂಚಕಾರಿಯಾದ ಸುದ್ದಿ.

ಹಾಗೆಂದು ಬೀದಿಯ ಹಿಂಬಾಲಕನನ್ನು ಈ ವರ್ಗಕ್ಕೆ ಸೇರಿಸುವ ಹಾಗಿಲ್ಲ. 1989ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ರೆಬೆಕಾ ಶೇಫರ್ ಎಂಬ 21 ವರ್ಷದ ನಟಿಯನ್ನು, ವರ್ಷಗಳಿಂದ ಅವಳ ಗೀಳು ಹಚ್ಚಿಕೊಂಡಿದ್ದ ಒಬ್ಬ ಅಭಿಮಾನಿ ಅವಳ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದ. ವಿಳಾಸವನ್ನು ಪತ್ತೇದಾರನ ಮೂಲಕ ವಾಹನ ನೋಂದಣಿ ಇಲಾಖೆಯ ಕಡತದಿಂದ ತೆಗೆಸಿದ್ದ. ಮರುವರ್ಷವೇ ಕ್ಯಾಲಿಫೋರ್ನಿಯಾ ಅಮೆರಿಕದಲ್ಲಿ ಮೊಟ್ಟಮೊದಲ ಹಿಂಬಾಲಿಕೆ ನಿಷೇಧದ ಕಾನೂನು ಮಾಡಿತು. ನಮ್ಮಲ್ಲಿ ದಂಡಸಂಹಿತೆಗೆ 354ಡಿ ಸೇರಲು 2013 ಬರಬೇಕಾಯಿತು. ಈಗ ಅದು ನ್ಯಾಯಸಂಹಿತೆಯ 78ನೆಯ ಕಲಂ. ಹಿಂಬಾಲಕನನ್ನು ಜೈಲಿಗೆ ಹಾಕಿಸಿದ ಸೀಮೆಯಲ್ಲೇ ಹಿಂಬಾಲಕನ ಕತೆ ಇಷ್ಟೊಂದು ಮಾರುತ್ತದಲ್ಲ ಎಂದರೆ ವಿರೋಧವೇನಿಲ್ಲ. ಬೀದಿಯಲ್ಲಿರುವವನಿಗೆ ಎರಡನೆಯ ಅಧ್ಯಾಯವಿಲ್ಲ. ಅವನ ಪುಟವನ್ನು ಮುಚ್ಚಿಟ್ಟು ದೀಪ ಆರಿಸಲು ಬರುವುದಿಲ್ಲ.

ಗಡಿರೇಖೆಯ ಮೇಲೆ ಕೂತವನೊಬ್ಬನನ್ನು ಇಲ್ಲೇ ಹೊರದೂಡಬೇಕು. ‘ಯೂ’ ಎಂಬ ನೆಟ್‌ಫ್ಲಿಕ್ಸ್ ಸರಣಿಯ ಜೋ, ತನ್ನ ಎರಡನೆಯ ಸೀಸನ್ನಿಗೆ ಲಾಸ್ ಏಂಜಲಿಸ್‌ಗೇ ಬಂದು ಇಳಿಯುವ ಪುಸ್ತಕದಂಗಡಿಯವ. ಕದ್ದು ನೋಡುತ್ತಾನೆ, ಕೊಲ್ಲುತ್ತಾನೆ, ತಲೆಯೊಳಗಿನ ಮಾತನ್ನೆಲ್ಲ ನಮಗೆ ಕೇಳಿಸುತ್ತಾನೆ. ಮೇಲ್ನೋಟಕ್ಕೆ ಲಕ್ಷಣವೆಲ್ಲ ಕೂಡಿತು. ಎಷ್ಟು ಕೂಡಿತೆಂದರೆ, ‘ನನ್ನನ್ನೂ ಅಪಹರಿಸು’ ಎಂದು ಬರೆದ ಹುಡುಗಿಯರಿಗೆ ಆ ಪಾತ್ರ ಮಾಡಿದ ಪೆನ್ ಬ್ಯಾಡ್‌ಗ್ಲಿ 2019ರಲ್ಲಿ ತಾನೇ ಬೇಡ ಬೇಡ ಎಂದು ಬುದ್ಧಿ ಹೇಳಬೇಕಾಯಿತು. ಆದರೆ ಜೋ ಕೊಲ್ಲುವವರಲ್ಲಿ ತಾನು ಪ್ರೀತಿಸಿದವಳೂ ಸೇರುತ್ತಾಳೆ. ಬೇಲಿ ಮುರಿಯಿತು, ಬಿಳಿ ಪಾಲು ಹೋಯಿತು. ಅವನು ಥ್ರಿಲ್ಲರ್ ಶಾಖೆಯವನು. 1985ರಲ್ಲಿ ಲಾಸ್ ಏಂಜಲಿಸನ್ನು ನಡುಗಿಸಿದ ಸರಣಿ ಕೊಲೆಗಾರ ರಿಚರ್ಡ್ ರಾಮಿರೆಜ್‌ಗೆ ಜೈಲಿಗೆ ಪ್ರೇಮಪತ್ರಗಳು ಬಂದವು, 1996ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನೊಳಗೇ ಮದುವೆಯೂ ನಡೆಯಿತು. ಅದು ಯಾವ ಶಾಖೆಗೆ ಸೇರಿತು ಎನ್ನುವುದನ್ನು ವೈದ್ಯರಿಗೆ ಬಿಡುತ್ತೇನೆ. ಲೇಖಕಿಯಿಲ್ಲದ ನಾಯಕರ ಜವಾಬ್ದಾರಿ ಈ ಗ್ರಂಥದ್ದಲ್ಲ.

ಗಂಭೀರ ಧನಿಕ

ಕುದುರೆ, ಕಾರು, ಇಲ್ಲವೇ ಹೆಲಿಕಾಪ್ಟರಿನಲ್ಲಿ ಬರುವವನು. ನಗುವುದಿಲ್ಲ. ಶಾರ್ಲಟ್ ಬ್ರಾಂಟೆಯ 1847ರ ‘ಜೇನ್ ಐರ್’ನಲ್ಲಿ ಹೆಂಡತಿಯನ್ನು ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿದ್ದ ಎಡ್ವರ್ಡ್ ರಾಚೆಸ್ಟರನಿಂದ ಹಿಡಿದು 2011ರ ‘ಫಿಫ್ಟಿ ಶೇಡ್ಸ್’ನವರೆಗೂ ಇವನದೇ ವಂಶ. ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದ ವಾರಪತ್ರಿಕೆ ಧಾರಾವಾಹಿಗಳಲ್ಲಿ, ಸಾಯಿಸುತೆ ಮೊದಲಾದವರ ಕಾದಂಬರಿಗಳಲ್ಲಿ, ಇವನ ಸಾತ್ವಿಕ ಸೋದರರು ಸಿಗುತ್ತಾರೆ. ಅಲ್ಲಿ ಅವನು ಎಸ್ಟೇಟಿನ ಯಜಮಾನ, ಹುಬ್ಬು ಗಂಟಿಕ್ಕುವುದೇ ದೊಡ್ಡ ಅಪರಾಧ. ಈ ವರ್ಗದ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಇವನ ಧೂಸರತ್ವದಲ್ಲಿ ಅರ್ಧಪಾಲು ಬ್ಯಾಂಕ್ ಬ್ಯಾಲೆನ್ಸಿನದು. ಅತ್ತೆಯವರೂ ಈ ಮಾತಿಗೆ ತಲೆಯಾಡಿಸಿದರು.

ಅಪಹಾರಕ

ಈ ವರ್ಗ ಹಳೆಯದು, ವಿಸ್ತಾರವಾದದ್ದು. ಇಂಗ್ಲಿಷಿನಲ್ಲಿ ಇದರ ಆದಿಪುರುಷ ಇ. ಎಂ. ಹಲ್ ಎಂಬಾಕೆ 1919ರಲ್ಲಿ ಬರೆದ ‘ದಿ ಶೇಕ್’ನ ಅಹ್ಮದ್. ಮರುಭೂಮಿಯಲ್ಲಿ ಇಂಗ್ಲಿಷ್ ಹುಡುಗಿಯನ್ನು ಹೊತ್ತೊಯ್ದು ಬಲಾತ್ಕಾರವಾಗಿ ಇಟ್ಟುಕೊಳ್ಳುತ್ತಾನೆ. ಕೊನೆಗೆ ಅವಳೇ ಬಿಟ್ಟು ಹೋಗಲೊಲ್ಲೆ ಎನ್ನುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವನು ಅರಬನೇ ಅಲ್ಲ, ಒಬ್ಬ ಇಂಗ್ಲಿಷ್ ದೊರೆಯ ಮಗ. ಅಂದಿನ ಓದುಗರಿಗೆ ಅಪಹರಣ ಜೀರ್ಣವಾಗುತ್ತಿತ್ತು, ಪರಜಾತಿ ಜೀರ್ಣವಾಗುತ್ತಿರಲಿಲ್ಲ ಎನ್ನುವುದನ್ನು ವರ್ಗೀಕರಣಕಾರರು ಟಿಪ್ಪಣಿಯಲ್ಲಾದರೂ ಬರೆದಿಡಬೇಕು. 1921ರಲ್ಲಿ ಅದು ಸಿನಿಮಾ ಆಯಿತು. ಅಹ್ಮದನಾದ ರುಡಾಲ್ಫ್ ವ್ಯಾಲೆಂಟಿನೊ 31ನೆಯ ವಯಸ್ಸಿಗೇ, 1926ರಲ್ಲಿ ತೀರಿಕೊಂಡ. ಹಾಲಿವುಡ್‌ನಲ್ಲಿರುವ ಅವನ ಸಮಾಧಿಗೆ ಕಪ್ಪು ಮುಸುಕಿನ ಹೆಂಗಸೊಬ್ಬಳು ವರ್ಷವರ್ಷವೂ ಹೂ ತಂದಿಡುತ್ತಿದ್ದಳೆಂಬುದು ಲಾಸ್ ಏಂಜಲಿಸ್‌ನ ಸ್ಥಳಪುರಾಣದ ಭಾಗ.

ಅಪಹಾರಕನ ವಿಷಯಕ್ಕೆ ಬಂದರೆ ಕನ್ನಡಿಗರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಹೊತ್ತಿನ ನಾಗಚಂದ್ರ ತನ್ನ ರಾಮಚಂದ್ರಚರಿತ ಪುರಾಣದಲ್ಲಿ ಜೈನ ದಾರಿಯ ರಾವಣನನ್ನು ನಿಲ್ಲಿಸಿದ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದವನು; ತಾನಾಗಿ ಬಂದ ಉಪರಂಭೆಯನ್ನು ಬುದ್ಧಿ ಹೇಳಿ ಹಿಂದಕ್ಕೆ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಕೆಟ್ಟ. ಅವಳು ತನ್ನಿಂದಾಗಿ ಮೂರ್ಛೆ ಹೋದದ್ದನ್ನು ನೋಡಿದಾಗ ಅವನ ಮನಸ್ಸು ತಿರುಗುತ್ತದೆ, ಒಪ್ಪಿಸಿಬಿಡಬೇಕು ಎನ್ನಿಸುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದಾರು, ರಾಮನನ್ನು ಗೆದ್ದು ಆಮೇಲೆ ಒಪ್ಪಿಸುವೆ ಎಂಬ ಹಮ್ಮು ಅಡ್ಡ ಬರುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತನಾಯಕನನ್ನು ಕಂಡರು. ನಮ್ಮ ಸೂತ್ರಕ್ಕೆ ತೂಗಿ ನೋಡಿದರೆ ರಾವಣ ಮುಕ್ಕಾಲು ತೇರ್ಗಡೆ. ಕಪ್ಪು ಪಾಲಿದೆ, ಬಿಳಿ ಪಾಲಿದೆ, ವ್ರತವೆಂಬ ಬೇಲಿಯೂ ಇದೆ. ಮೈಗೆ ಬೇಲಿ ಹಾಕಿಕೊಂಡ ಅವನು ಅವಳ ಇಷ್ಟಕ್ಕೆ ಕಿವಿಗೊಡಲಿಲ್ಲ ಎನ್ನುವುದೊಂದೇ ಕಾಲು ಭಾಗ ಕಡಿಮೆ.

ಜನ್ನ ಇನ್ನೂ ಮುಂದೆ ಹೋದ. 1230ರ ಅನಂತನಾಥ ಪುರಾಣದಲ್ಲಿ ಗೆಳೆಯ ವಸುಷೇಣನ ಅತಿಥಿಯಾಗಿ ಬರುವ ಚಂಡಶಾಸನ, ಅವನ ಹೆಂಡತಿ ಸುನಂದೆಯನ್ನು ಕಂಡು ಮರುಳಾಗಿ ಕದ್ದೊಯ್ಯುತ್ತಾನೆ. ಏನು ಮಾಡಿದರೂ ಅವಳು ಒಲಿಯುವುದಿಲ್ಲ. ಗಂಡ ಸತ್ತನೆಂದರೆ ಒಲಿದಾಳೆಂದು ವಸುಷೇಣನ ಮಾಯಾಶಿರಸ್ಸನ್ನು ಮಾಡಿಸಿ ಅವಳ ಮುಂದಿಡಿಸುತ್ತಾನೆ. ಅವಳು ಅದನ್ನು ನೋಡಿ ಅಲ್ಲೇ ಪ್ರಾಣ ಬಿಡುತ್ತಾಳೆ. ಇವನು ಅವಳ ಚಿತೆಗೇ ಏರಿ ಬೂದಿಯಾಗುತ್ತಾನೆ. ಲಾ ಮೆಸಾದ ಅಂಗಡಿಯ ಯಾವ ನಾಯಕನೂ ಇಷ್ಟು ದೂರ ಹೋಗಿಲ್ಲ. ಅವರು ಹೋಗುವ ಹಾಗೂ ಇಲ್ಲ: ಪ್ರೇಮಕಾದಂಬರಿ ಸುಖಾಂತವಾಗಿರಬೇಕು ಎಂಬುದು ಅಮೆರಿಕದ ಆ ಲೇಖಕಿಯರ ಸಂಘವೇ ಬರೆದಿಟ್ಟ ವ್ಯಾಖ್ಯೆ. ಮಧ್ಯದಲ್ಲಿ ಏನು ಬೇಕಾದರೂ ನಡೆಯಲಿ, ಕೊನೆಯ ಪುಟದಲ್ಲಿ ಇಬ್ಬರೂ ಬದುಕಿರಬೇಕು, ಒಟ್ಟಿಗಿರಬೇಕು. ಕತ್ತಲೆಯೊಳಗೆ ನಿಶ್ಚಿಂತೆಯಿಂದ ಕಾಲಿಡಲು ಓದುಗಿಗೆ ಧೈರ್ಯ ಬರುವುದೇ ಈ ಕರಾರಿನಿಂದ. ಜನ್ನ ಅಂಥ ಕರಾರಿಗೆ ಸಹಿ ಮಾಡಿದವನಲ್ಲ. ಚಂಡಶಾಸನನ ಮನಸ್ಸನ್ನು ಒಳಹೊಕ್ಕು ನೋಡುವುದರಲ್ಲಿ ಅವನು ಈಗಿನವರಿಗೆ ಏನೂ ಕಡಿಮೆಯಿಲ್ಲ, ಹೆಚ್ಚೇ. ಆದರೆ ಒಳಹೊಕ್ಕ ಮಾತ್ರಕ್ಕೆ ಶಿಕ್ಷೆಯಲ್ಲಿ ರಿಯಾಯಿತಿ ಕೊಡುವುದಿಲ್ಲ. ತನ್ನನ್ನೊಬ್ಬ ಹೀಗೆ ಪ್ರೀತಿಸಿದರೆ ತನಗೆ ಏನಾದೀತು ಎಂಬುದನ್ನು ಸುನಂದೆಯ ಕಡೆಯಿಂದಲೂ ಲೆಕ್ಕ ಹಾಕಿದ ಕವಿ ಅವನು. ನನ್ನ ತೂಕದಲ್ಲಿ ಈ ಇಡೀ ಪ್ರಕಾರಕ್ಕೆ ಬರೆದಿಟ್ಟ ಉತ್ತರ ಅದು, ಪ್ರಶ್ನೆಗಿಂತ ಎಂಟುನೂರು ವರ್ಷ ಮೊದಲೇ ಬಂದಿದೆ.

ಸಿನಿಮಾದಲ್ಲಿ, ಕೆ.ಜಿ.ಎಫ್. ಚಿತ್ರಗಳ ರಾಕಿ ರೀನಾಳ ಒಪ್ಪಿಗೆ ಕೇಳದೆ ಗಣಿಗೆ ಕರೆದೊಯ್ದು ಇಟ್ಟುಕೊಳ್ಳುತ್ತಾನೆ. ಅವನು ಅಪಹಾರಕನೋ ಮುಂದಿನ ವರ್ಗದವನೋ ಎಂಬ ಸಂದೇಹಕ್ಕೆ ಪರಿಹಾರ: ಎರಡೂ.

ಲಾಂಗುಧಾರಿ

ಅಮೆರಿಕದಲ್ಲಿ ಇವನು ಇಟಲಿ ಇಲ್ಲವೇ ರಷ್ಯದ ಮಾಫಿಯಾದವನು, ಸೂಟು ಹಾಕುತ್ತಾನೆ. ನಮ್ಮಲ್ಲಿ ಬೆಂಗಳೂರಿನವನು, ಸೂಟಿಲ್ಲ, ಲಾಂಗಿದೆ. ಉಪೇಂದ್ರ 1995ರಲ್ಲಿ ‘ಓಂ’ ತೆಗೆದಾಗ ಶಿವರಾಜ್‌ಕುಮಾರ್ ಅರ್ಚಕರ ಮಗ ಸತ್ಯನಾಗಿ ಲಾಂಗು ಹಿಡಿದರು; ನಿಜವಾದ ರೌಡಿಗಳೇ ತೆರೆಯ ಮೇಲೆ ಬಂದರು; ಚಿತ್ರ ನೂರಾರು ಸಲ ಮತ್ತೆ ಮತ್ತೆ ಬಿಡುಗಡೆಯಾಯಿತು. ಅದರಲ್ಲಿ ಗಮನಿಸಬೇಕಾದ ಶಾಸ್ತ್ರಸೂಕ್ಷ್ಮವೆಂದರೆ, ಸತ್ಯ ಕೆಟ್ಟವನಾಗಿ ಆಮೇಲೆ ಪ್ರೇಮಿಯಾದದ್ದಲ್ಲ, ಪ್ರೇಮದ ದೆಸೆಯಿಂದಲೇ ಕೆಟ್ಟದ್ದು. ಅಮೆರಿಕದ ಮಾಫಿಯಾದವನಿಗೆ ಹುಡುಗಿ ಸಿಕ್ಕಿದ ಮೇಲೂ ಕಸುಬು ಬಿಡಬೇಕೆಂಬ ಕಟ್ಟಳೆಯಿಲ್ಲ. ಕನ್ನಡದ ಲಾಂಗುಧಾರಿ ಲಾಂಗು ಕೆಳಗಿಡಬೇಕು, ತಾಯಿಯ ಮುಂದೆ ಅಳಬೇಕು. ನಮ್ಮ ಪ್ರೇಕ್ಷಕರಿಗೆ ನಾಯಕಿಯ ಸರ್ಟಿಫಿಕೇಟ್ ಸಾಲುವುದಿಲ್ಲ, ತಾಯಿಯ ಸಹಿಯೂ ಬೇಕು.

ಅಮಾನುಷ

ರಕ್ತಪಿಶಾಚಿ, ಗಂಧರ್ವ, ತೋಳ ಮುಂತಾದವರು. 2005ರ ‘ಟ್ವಿಲೈಟ್’ನಿಂದ ಇವರಿಗೆ ಮತ್ತೆ ಬೇಡಿಕೆ ಬಂತು, ‘ಫಿಫ್ಟಿ ಶೇಡ್ಸ್’ ಕೂಡ ಮೊದಲು ಅದರ ಅಭಿಮಾನಿಯೊಬ್ಬಳು ಬರೆದ ಮರುಕತೆ. ನಮ್ಮಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ದ (1988) ನಾಗ ಈ ಪಂಗಡದವನು. ಹಗಲು ಬೀಗ ಹಾಕಿ ಹೋಗುವ ಗಂಡ ಅಪ್ಪಣ್ಣ, ರಾತ್ರಿ ಅವನದೇ ರೂಪದಲ್ಲಿ ಬಂದು ರಾಣಿಯ ಮಾತು ಕೇಳಿಸಿಕೊಳ್ಳುವ ನಾಗ. ನೋಡಿ, ಇಲ್ಲೂ ಅದೇ: ಹಾವಿನ ಮೋಹಕತೆ ಹೆಡೆಯಲ್ಲಿಲ್ಲ, ಕೂತು ಕೇಳುವುದರಲ್ಲಿದೆ.

ಪೂರ್ವವೃತ್ತಾಂತದ ವಿಚಾರ

ಎಲ್ಲ ವರ್ಗಗಳಿಗೂ ಸಾಮಾನ್ಯವಾದ ಒಂದು ಅಂಗವಿದೆ. ನಾಯಕ ಯಾಕೆ ಹೀಗಾದ ಎಂಬುದಕ್ಕೆ ಪುಸ್ತಕದ ಮುಕ್ಕಾಲು ಪಾಲು ದಾಟಿದ ಮೇಲೆ ಒಂದು ಕಾರಣ ಹೊರಬೀಳುತ್ತದೆ: ಕ್ರೂರಿ ತಂದೆ, ಕಣ್ಣೆದುರೇ ಸತ್ತ ತಾಯಿ, ಅನಾಥಾಲಯ, ಬೆಂಕಿ. ಪಂಡಿತರು ಇದನ್ನು ಕ್ಷಮಾಪಣೆ ಎಂದು ತಿಳಿಯುತ್ತಾರೆ. ಟೊರ್ರಿ ಪೈನ್ಸ್‌ನಲ್ಲಿ ಇರುವವರಿಗೆ ಬೇರೆ ಅರ್ಥ ಹೊಳೆಯುತ್ತದೆ. ಇಲ್ಲಿನ ಬಂಡೆಯಂಚಿನ ಪೈನ್ ಮರಗಳು ಕಡಲಗಾಳಿಗೆ ಸೊಂಟ ಮುರಿದುಕೊಂಡು, ನೆಲಕ್ಕೆ ಕೈಯೂರಿ ಬೆಳೆದಿವೆ. ಪ್ರವಾಸಿಗಳು ಚಿತ್ರ ತೆಗೆಯುವುದು ಅವುಗಳದೇ. ಅದೇ ಮರದ ಬೀಜವನ್ನು ಗಾಳಿಯ ಮರೆಯಲ್ಲಿ ಹಾಕಿ ನೀರು ಕೊಟ್ಟು ಬೆಳೆಸಿದರೆ ನೆಟ್ಟಗೆ ನೂರಡಿ ದಾಟುತ್ತದೆ, ಬೀದಿಬದಿಯ ಬೇರೆ ಯಾವ ಮರಕ್ಕೂ ಅದಕ್ಕೂ ವ್ಯತ್ಯಾಸ ಕಾಣದು, ಯಾರೂ ಕಾರು ನಿಲ್ಲಿಸುವುದಿಲ್ಲ. ವಕ್ರತೆ ಜಾತಿಯದಲ್ಲ, ಗಾಳಿಯದು. ಓದುಗಿಗೆ ಪೂರ್ವವೃತ್ತಾಂತ ಬೇಕಾಗುವುದು ಅವನನ್ನು ಕ್ಷಮಿಸಲಿಕ್ಕಲ್ಲ, ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂದು ಓದಿಕೊಳ್ಳಲಿಕ್ಕೆ. ಅವನನ್ನು ಮರೆಯಲ್ಲಿ ನೆಟ್ಟು ನೇರ ಮಾಡುವ ಆಸೆ ಅವಳಿಗಿದೆ ಎಂಬ ಮಾತು ಹಳೆಯ ಪ್ರೇಮಕಾದಂಬರಿಗೆ ನಿಜ. ಡಾರ್ಕ್ ರೊಮ್ಯಾನ್ಸಿನ ಓದುಗಿ ಸೊಟ್ಟ ಮರಕ್ಕೇ ದುಡ್ಡು ಕೊಟ್ಟಿರುತ್ತಾಳೆ, ನೆಟ್ಟಗಾದರೆ ವಾಪಸು ಕೊಟ್ಟಾಳು.

ಇದೇ ಕರಾವಳಿಯ ಲಾ ಹೋಯಾಕ್ಕೆ 1946ರಲ್ಲಿ ಬಂದು ನೆಲೆಸಿ, 1959ರಲ್ಲಿ ಅಲ್ಲೇ ತೀರಿಕೊಂಡ ರೇಮಂಡ್ ಚಾಂಡ್ಲರ್, ನಮ್ಮ ಧೂಸರಸೂತ್ರದ ತಲೆಕೆಳಗಿನ ಪಾಠ ಬರೆದ. ಅವನ ಪತ್ತೇದಾರ ಮಾರ್ಲೋ ಇರುವ ಊರು ಪೂರ್ತಿ ಕಪ್ಪು, ಅವನೊಬ್ಬ ಬಿಳಿ. ಎಲ್ಲರಿಗೂ ಒಂದೇ ನ್ಯಾಯ ಅಳೆಯುವವನು. ಪರಿಣಾಮ, ಕಾದಂಬರಿಯಿಂದ ಕಾದಂಬರಿಗೆ ಅವನ ಮನೆಯಲ್ಲಿ ಕಾಫಿ ಕಾಸುವವನು ಅವನೇ.

ವರ್ಗಕ್ಕೆ ಸಿಗದವರು

ಗ್ರಂಥ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜನ್ನ 1209ರಲ್ಲೇ ಬರೆದ ಯಶೋಧರಚರಿತೆಯ ಮಾವುತ ಅಷ್ಟಾವಂಕ ಯಾವ ಮನೆಯಲ್ಲೂ ಕೂರಲೊಲ್ಲ. ರಾಣಿ ಅಮೃತಮತಿ ಅರಮನೆಯಲ್ಲಿ ರಾತ್ರಿ ಅವನ ಹಾಡು ಕೇಳಿ ಸೋಲುತ್ತಾಳೆ. ನೋಡಿಬಂದ ಕೆಳದಿ ಅವನ ಕುರೂಪವನ್ನು ಅಂಗಾಂಗ ಬಿಡದೆ ವರ್ಣಿಸಿದರೂ ಅವಳ ಮನಸ್ಸು ಜಗ್ಗುವುದಿಲ್ಲ. ಮನ ಒಪ್ಪಿದವನೇ ಚೆಲುವ, ಅವನೇ ಇಂದ್ರ ಎನ್ನುವ ಧಾಟಿಯಲ್ಲಿ ಕೆಳದಿಯ ಬಾಯಿ ಮುಚ್ಚಿಸುತ್ತಾಳೆ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಅವಳನ್ನು ಮುಂದಲೆ ಹಿಡಿದು ಹೊಡೆಯುತ್ತಾನೆ. ಅವಳು ಕಾಲು ಹಿಡಿಯುತ್ತಾಳೆ. ಹಿಂದೆಯೇ ಬಂದ ರಾಜ ಯಶೋಧರ ಕತ್ತಿ ಎತ್ತಿದವನು ಹಾಗೇ ಇಳಿಸಿ ಹಿಂತಿರುಗುತ್ತಾನೆ. ಮರುದಿನ ಸರಸದ ನೆಪದಲ್ಲಿ ನೆಯ್ದಿಲ ಹೂವಿನಿಂದ ಮೆಲ್ಲಗೆ ಹೊಡೆದರೆ ಅವಳು ಸೋತಂತೆ ಬೀಳುತ್ತಾಳೆ, ಅವನ ಬಾಯಿಂದ ಚುಚ್ಚುಮಾತೊಂದು ಹೊರಡುತ್ತದೆ.

ಸೂತ್ರವನ್ನು ಅನ್ವಯಿಸಿ ನೋಡಿ. ಮಾವುತನಲ್ಲಿ ಬಿಳಿ ಪಾಲೇ ಇಲ್ಲ; ಅವಳಿಗೂ ಕಪ್ಪು, ಊರಿಗೂ ಕಪ್ಪು. ದುಡ್ಡಿಲ್ಲ, ರೂಪವಿಲ್ಲ, ಪೂರ್ವವೃತ್ತಾಂತವಿಲ್ಲ, ಎರಡನೆಯ ಅಧ್ಯಾಯವಿಲ್ಲ. ಕಲ್ವರ್ ಸಿಟಿಯಲ್ಲಿ ಇವನ ಒಂದು ಪ್ರತಿಯೂ ಖರ್ಚಾಗದು. ಇನ್ನು ಎಲ್ಲವನ್ನೂ ಕಂಡು ತಿಳಿದು, ಬಾಯಿ ಬಿಡದೆ ಹೂವಿನಲ್ಲಿ ಹೊಡೆಯುವ ಯಶೋಧರ? ಅವನು ಒಳ್ಳೆಯವನು. ಆದರೆ ತಲೆಯೊಳಗಿನ ಮಾತನ್ನು ಅವಳಿಗೆ ಒಂದು ದಿನವೂ ಓದಗೊಡಲಿಲ್ಲ. ಹಾಗಾಗಿ ಈ ಕಾವ್ಯದಲ್ಲಿ ಧೂಸರನಾಯಕನೇ ಇಲ್ಲ. ನಿಜವಾಗಿ ಬೂದಿಯ ಬಣ್ಣವಿರುವುದು ಅಮೃತಮತಿಗೆ, ಕಪ್ಪು ಬಿಳಿ ಬೇರ್ಪಡಿಸಲು ಬಾರದಷ್ಟು ಕಲಸಿಹೋಗಿರುವುದು ಅವಳಲ್ಲಿ. ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಮತ್ತೆ ಕೈಹಾಕಿದ್ದೂ ಇದೇ ಗೋಜಲಿಗೆ. ಕೊನೆಗೆ ಅವಳು ಗಂಡನಿಗೂ ಅವನ ತಾಯಿ ಚಂದ್ರಮತಿಗೂ ವಿಷವಿಕ್ಕಿ ಕೊಲ್ಲುತ್ತಾಳೆ.

ನಾಯಕಿಯರ ವರ್ಗೀಕರಣಕ್ಕೆ ಬೇರೆ ಗ್ರಂಥ ಬೇಕು, ಅದರಲ್ಲಿ ಅಮೃತಮತಿಗೆ ಯಾವ ಸ್ಥಾನ ಕೊಡೋಣ ಎಂದು ಪೂರ್ವಪಕ್ಷಿಯನ್ನೇ ಕೇಳಿದೆ. ಅವರು ಕತೆಯನ್ನೆಲ್ಲ ಕೇಳಿ, ಸಾಲದ ಅರ್ಜಿ ನೋಡುವ ಮುಖ ಮಾಡಿ, ಬಹಳ ಹೊತ್ತು ಯೋಚಿಸಿದರು.

“ಆ ಹಾಡು ಕೇಳಿ ಮನಸ್ಸು ಹೋಯ್ತು, ಸರಿ. ಗಂಡನಿಗೆ ವಿಷ ಹಾಕಿದ್ಳು, ಅದೂ ಏನೋ ಅವರವರ ಸಂಸಾರ ಅನ್ನೋಣ. ಅತ್ತೆಗ್ಯಾಕೆ ಹಾಕಬೇಕಿತ್ತೇ?”